ಬಿರುಬೇಸಿಗೆಯಲ್ಲಿ ನಾಯಿಗೊಂದು ತಣ್ಣನೆ ತಿಂಡಿ



ಬೇಸಿಗೆ ಕಾಲಿಟ್ಟಿತೆಂದರೆ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದ ಪ್ರಾಣಿಪಾಲಕರಿಗೆ ಒಂದು ಹೆಚ್ಚಿನ ಕೆಲಸ ಸೇರಿಕೊಳ್ಳುತ್ತದೆ. ಹಣ್ಣಿನ ಹೋಳುಗಳನ್ನು ನೀರಿನಲ್ಲಿ ಹಾಕಿ ಗಡ್ಡೆ ಕಟ್ಟಿಸಿ ಕರಡಿಗಳ ಮುಂದೆ ಇಡುವ ಕೆಲಸ. ಕರಡಿ ಆ ಮಂಜುಗಡ್ಡೆಯನ್ನು ಮುಂಗಾಲುಗಳಲ್ಲಿ ಒತ್ತಿ ಹಿಡಿದು ಒಳಗಿನ ಹಣ್ಣು ಸಿಗುವ ತನಕ ನೆಕ್ಕುತ್ತಲೇ ಇರುತ್ತದೆ. ಆ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನಾಯಿ ಸಾಕಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ನಮ್ಮ ನಾಯಿಗೂ ಹೀಗೊಂದು ಮಾಡಿಕೊಟ್ಟರೆ ಹೇಗೆ?

ಖಂಡಿತ ಮಾಡಿಕೊಡಬಹುದು. ಅದಕ್ಕೆ ದುಬಾರಿ ಸಾಮಾನು ಬೇಡ, ಅಂಗಡಿಯ ಪೊಟ್ಟಣ ಬೇಡ. ಫ್ರಿಜ್ಜಿನ ಮೇಲ್ಗಡೆಯ ಫ್ರೀಜರು, ಒಂದು ಇಡ್ಲಿ ತಟ್ಟೆ, ಮನೆಯಲ್ಲೇ ಇರುವ ಮೊಸರು, ಬಾಳೆಹಣ್ಣು, ಸೌತೆಕಾಯಿ ಇದ್ದರೆ ಸಾಕು. ಆದರೆ ಏನು ಮಾಡಬೇಕು ಎಂಬುದಕ್ಕಿಂತ ಮೊದಲು ನಾಯಿಯ ಮೈ ತನ್ನನ್ನು ತಾನು ಹೇಗೆ ತಂಪಾಗಿಸಿಕೊಳ್ಳುತ್ತದೆ ಎಂಬುದು ಗೊತ್ತಿರಬೇಕು. ಅದು ಗೊತ್ತಿದ್ದರೆ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು, ಎಷ್ಟು ಕೊಡಬೇಕು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಆರೋಗ್ಯವಂತ ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮನುಷ್ಯನಿಗೆ ಅದು ಜ್ವರದ ಮಟ್ಟ, ನಾಯಿಗೆ ಅದೇ ಸಹಜ. ಈ ಮಟ್ಟ 41 ಡಿಗ್ರಿ ದಾಟಿತೆಂದರೆ ಅಪಾಯ ಶುರು. ಮೆದುಳು, ಮೂತ್ರಪಿಂಡ, ಕರುಳು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಒಂದೊಂದಾಗಿ ಕೈಕೊಡುತ್ತವೆ. ಸಹಜ ಸ್ಥಿತಿಗೂ ಅಪಾಯಕ್ಕೂ ನಡುವೆ ಇರುವುದು ಎರಡೇ ಡಿಗ್ರಿಯ ಅಂತರ.

ಮನುಷ್ಯ ಮೈಯೆಲ್ಲ ಬೆವರುತ್ತಾನೆ. ನಾಯಿಗೆ ಆ ಅನುಕೂಲವಿಲ್ಲ. ಅದರ ಬೆವರು ಪಾದದ ಮೆತ್ತೆಗಳಿಗೆ ಸೀಮಿತ, ಅದರಿಂದ ಆಗುವ ತಂಪು ಲೆಕ್ಕಕ್ಕೆ ಬಾರದಷ್ಟು. ನಾಯಿ ಮೈ ಆರಿಸಿಕೊಳ್ಳುವುದು ಏದುಸಿರಿನಿಂದ. ನಾಲಿಗೆ ಹೊರಚಾಚಿ, ಬಾಯಿ ತೆರೆದು, ನಿಮಿಷಕ್ಕೆ 300ರ ಆಸುಪಾಸಿನ ಸಣ್ಣ ಸಣ್ಣ ಉಸಿರು ಎಳೆದುಕೊಳ್ಳುತ್ತದೆ. ಮೂಗು, ಬಾಯಿ, ನಾಲಿಗೆಯ ಒದ್ದೆಯ ಮೇಲೆ ಗಾಳಿ ಹಾಯುತ್ತದೆ, ನೀರು ಆವಿಯಾಗುತ್ತದೆ, ಆವಿಯ ಜೊತೆ ಮೈಯ ಕಾವೂ ಹೊರಗೆ ಹೋಗುತ್ತದೆ. ಮಣ್ಣಿನ ಹೂಜಿಯ ಮೇಲ್ಮೈಯಲ್ಲಿ ಜಿನುಗಿದ ನೀರು ಆರುತ್ತಾ ಒಳಗಿನ ನೀರನ್ನು ತಂಪಾಗಿಸುವುದೂ ಇದೇ ಬಗೆಯಲ್ಲಿ.

ಪ್ರಾಣಿಶರೀರ ವಿಜ್ಞಾನಿ ಕ್ನುಟ್ ಶ್ಮಿಟ್ ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ಒಂದು ಸೊಗಸಾದ ಸಂಗತಿಯನ್ನು ತೋರಿಸಿಕೊಟ್ಟರು. ಏದುಸಿರು ಬಿಡುವ ನಾಯಿ ಗಾಳಿಯನ್ನು ಹೆಚ್ಚಾಗಿ ಮೂಗಿನಿಂದ ಒಳಗೆಳೆದು ಬಾಯಿಂದ ಹೊರಬಿಡುತ್ತದೆ. ಮೂಗಿನಿಂದಲೇ ವಾಪಸು ಬಿಟ್ಟರೆ ಅದೇ ಒದ್ದೆ ಗಾಳಿಯ ಕಾವು ಮತ್ತೆ ಮೂಗಿನ ಗೋಡೆಗೆ ಸೇರಿಬಿಡುತ್ತಿತ್ತು. ಎರಡು ವರ್ಷದ ಬಳಿಕ, 1972ರಲ್ಲಿ, ಇನ್ನೊಂದು ಸಂಶೋಧನೆ ನಾಯಿಯ ಮೂಗಿನೊಳಗಿನ ಒಂದು ಗ್ರಂಥಿಯತ್ತ ಬೆರಳು ಮಾಡಿತು. ಬಿಸಿಲು ಏರಿದಷ್ಟೂ ಆ ಗ್ರಂಥಿ ಹೆಚ್ಚು ನೀರು ಸುರಿಸುತ್ತದೆ, ಮೂಗು ಒಣಗದಂತೆ ನೋಡಿಕೊಳ್ಳುತ್ತದೆ. ಎಂದರೆ ನಾಯಿಯ ಏರ್ಪಾಡು ನಿಂತಿರುವುದೇ ನೀರಿನ ಮೇಲೆ. ಮೈಯಲ್ಲಿ ನೀರು ಕಡಿಮೆಯಾಯಿತೋ, ಎಷ್ಟು ಏದುಸಿರು ಬಿಟ್ಟರೂ ಪ್ರಯೋಜನವಿಲ್ಲ.

ಇಲ್ಲೊಂದು ಚಿಕ್ಕ ಲೆಕ್ಕ ಹಾಕೋಣ. 100 ಗ್ರಾಂ ಐಸ್ ಕರಗಲು 8 ಕಿಲೋಕ್ಯಾಲರಿ ಕಾವು ಬೇಕು. ಕರಗಿದ ನೀರು ನಾಯಿಯ ಮೈಬಿಸಿಗೆ ಬರಲು ಇನ್ನೊಂದು 4 ಕಿಲೋಕ್ಯಾಲರಿ. ಒಟ್ಟು 12. ಅದೇ 100 ಗ್ರಾಂ ನೀರು ನಾಲಿಗೆ, ಮೂಗಿನ ಮೇಲಿಂದ ಆವಿಯಾಗಿ ಹೋದರೆ ಹೊತ್ತೊಯ್ಯುವ ಕಾವು ಸುಮಾರು 58 ಕಿಲೋಕ್ಯಾಲರಿ. ಹೆಚ್ಚು ಕಡಿಮೆ ಐದು ಪಟ್ಟು! ನಾಯಿಗೆ ಐಸ್ ತಿಂಡಿಯಿಂದ ಆಗುವ ದೊಡ್ಡ ಉಪಕಾರ ಅದರ ತಣ್ಣಗಿನ ಗುಣಕ್ಕಿಂತ ಅದರೊಳಗಿನ ನೀರು. ಬಟ್ಟಲಿನ ನೀರಿಗೆ ಮೂಸಿ ಮುಖ ತಿರುಗಿಸುವ ನಾಯಿಯೂ ರುಚಿಯಿರುವ ಗಡ್ಡೆಯನ್ನು ಅರ್ಧ ತಾಸು ಕೂತು ನೆಕ್ಕುತ್ತದೆ. ನೆಕ್ಕುತ್ತಾ ತನಗೆ ಗೊತ್ತಿಲ್ಲದಂತೆ ಒಂದು ಲೋಟ ನೀರು ಕುಡಿದಿರುತ್ತದೆ.

ಮನುಷ್ಯರ ಐಸ್‌ಕ್ರೀಮನ್ನು ಇದೇ ಲೆಕ್ಕಕ್ಕೆ ಹಚ್ಚಿದರೆ ಅದು ಯಾಕೆ ಬೇಡ ಎಂಬುದೂ ಗೊತ್ತಾಗುತ್ತದೆ. 100 ಗ್ರಾಂ ಐಸ್‌ಕ್ರೀಮಿನಲ್ಲಿ ಸಕ್ಕರೆ, ಕೊಬ್ಬು ಸೇರಿ ಸುಮಾರು 200 ಕಿಲೋಕ್ಯಾಲರಿ ಇರುತ್ತದೆ. ತಂಪು ಕೊಡುವುದು ಹತ್ತು ಹನ್ನೆರಡು, ಮೈಗೆ ತುಂಬುವುದು ಇನ್ನೂರು. 10 ಕಿಲೋ ತೂಕದ ನಾಯಿಗೆ ಇಡೀ ದಿನಕ್ಕೆ ಬೇಕಾಗುವುದೇ 500ರಿಂದ 600. ಅದರಲ್ಲಿ ತಿಂಡಿ ತಿನಿಸಿನ ಪಾಲು ಹತ್ತನೇ ಒಂದು ಭಾಗ ಮೀರಬಾರದು ಎಂಬುದು ಪಶುವೈದ್ಯರ ರೂಢಿಯ ಲೆಕ್ಕ. ಇದರ ಮೇಲೆ ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆ, ಹೊಟ್ಟೆ ಕೆಟ್ಟು ಭೇದಿಯಾದರೆ ಇದ್ದ ನೀರೂ ಹೋಗುತ್ತದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಟಿಜ್ನಿಕ್ ನಾಯಿಗಳಿಗೆಂದೇ ‘ಫ್ರಾಸ್ಟಿ ಪಾಸ್’ ಎಂಬ ಹೆಪ್ಪುಗಟ್ಟಿದ ತಿನಿಸನ್ನು ರೂಪಿಸಿದ್ದು ಈ ಕಾರಣಕ್ಕೇ. ಅದು ಅಲ್ಲಿನ ಅಂಗಡಿಗಳಿಗೂ ಬಂತು. ನಮ್ಮ ಅಡುಗೆಮನೆಯಲ್ಲಿ ಮೊಸರು ಇರುವಾಗ ಅದರ ಅಗತ್ಯವೇ ಇಲ್ಲ. ಹಾಲು ಮೊಸರಾಗುವಾಗ ಅದರ ಸಕ್ಕರೆಯ ಒಂದು ಪಾಲನ್ನು ಸೂಕ್ಷ್ಮಜೀವಿಗಳೇ ತಿಂದು ಮುಗಿಸಿರುತ್ತವೆ. ಹಾಲು ಆಗದ ನಾಯಿಗೂ ಎರಡು ಚಮಚ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ.

ಇನ್ನು ಅಡುಗೆಮನೆಗೆ ಬರೋಣ.

ಮೊದಲನೆಯದು ಮೊಸರು ಬಾಳೆ. ಚೆನ್ನಾಗಿ ಹಣ್ಣಾದ ಒಂದು ಏಲಕ್ಕಿ ಬಾಳೆಹಣ್ಣನ್ನು ಸುಲಿದು ಬಟ್ಟಲಲ್ಲಿ ಕಿವುಚಬೇಕು. ಅರ್ಧ ಲೋಟ ಸಿಹಿ ಮೊಸರು, ಅಷ್ಟೇ ನೀರು ಹಾಕಿ ಕಡೆಯಬೇಕು. ಸಕ್ಕರೆ ಬೇಡ, ಬೆಲ್ಲ ಬೇಡ, ಜೇನೂ ಬೇಡ. ಬಾಳೆಯ ಸಿಹಿಯೇ ನಾಯಿಗೆ ಬೇಕಾದಷ್ಟು. ಇದನ್ನು ಇಡ್ಲಿ ತಟ್ಟೆಯ ಗುಳಿಗಳಿಗೆ ಹುಯ್ಯಬೇಕು. ತೂತಿರುವ ತಟ್ಟೆಯಾದರೆ ಮಿಶ್ರಣ ಸೋರುತ್ತದೆ, ಇಡ್ಲಿ ಬೇಯಿಸುವಾಗ ಹಾಕುವ ಒದ್ದೆ ಬಟ್ಟೆ ಇಲ್ಲಿ ಅಷ್ಟಾಗಿ ನೆರವಿಗೆ ಬಾರದು. ತೂತಿಲ್ಲದ ಹಳೆಯ ತಟ್ಟೆ ಅಥವಾ ಸಣ್ಣ ಸ್ಟೀಲ್ ಬಟ್ಟಲುಗಳು ವಾಸಿ. ಗುಳಿಯನ್ನು ಅಂಚಿನವರೆಗೆ ತುಂಬಬಾರದು. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ನಾಲ್ಕೈದು ಗಂಟೆ ಫ್ರೀಜರಿನಲ್ಲಿಟ್ಟರೆ ಬಿಳಿಯ ಪುಟ್ಟ ಇಡ್ಲಿಗಳು ತಯಾರು. ತಟ್ಟೆಯ ಬೆನ್ನ ಮೇಲೆ ನಲ್ಲಿಯ ನೀರು ಹರಿಸಿದರೆ ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಗೆ ಇಂಥವು ಎರಡು ಮೂರು ಸಾಕು. ಪೊಮೆರೇನಿಯನ್‌ಗೆ ಒಂದರ ಅರ್ಧ.

ಎರಡನೆಯದು ಕಲ್ಲಂಗಡಿ. ನೂರು ಗ್ರಾಂ ಕಲ್ಲಂಗಡಿಯಲ್ಲಿ 92 ಗ್ರಾಂ ಬರೀ ನೀರು, ಕ್ಯಾಲರಿಯೋ 30. ಬೇಸಿಗೆಗೆ ನಿಸರ್ಗವೇ ತಯಾರಿಸಿ ಇಟ್ಟ ತಿಂಡಿ ಅದು. ಬೀಜ ಪೂರ್ತಿ ತೆಗೆಯಬೇಕು, ಹಸಿರು ಸಿಪ್ಪೆ ಕರುಳಿಗೆ ಸಿಕ್ಕಿಕೊಳ್ಳುವುದರಿಂದ ಅದನ್ನೂ ಎಸೆಯಬೇಕು. ಕೆಂಪು ತಿರುಳನ್ನು ಕಿವುಚಿ ಹೆಪ್ಪುಗಟ್ಟಿಸಿದರೆ ಮುಗಿಯಿತು. ಕರ್ಬೂಜ, ಬೀಜ ತೆಗೆದ ಪಪ್ಪಾಯಿ, ಸೇಬು ಎಲ್ಲಕ್ಕೂ ಇದೇ ವಿಧಾನ. ಮಾವಿನ ಹಣ್ಣಿನ ತಿರುಳೂ ಆದೀತು, ಸ್ವಲ್ಪವೇ. ಆದರೆ ಮಾವಿನ ಓಟೆ ನಾಯಿಯ ಬಾಯಿಗೆ ಸಿಗುವಲ್ಲಿ ಇರಬಾರದು. ರಸದ ವಾಸನೆಗೆ ಆಸೆಪಟ್ಟು ಇಡಿಯಾಗಿ ನುಂಗಿದರೆ ಅದು ಕರುಳಿನಲ್ಲಿ ಅಡ್ಡ ನಿಲ್ಲುತ್ತದೆ, ಆಮೇಲೆ ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ.

ಮೂರನೆಯದು ರಾಗಿ ಅಂಬಲಿ. ಮನುಷ್ಯರಿಗೆ ತಂಪೆಂದು ಕುಡಿಯುವ ಅಂಬಲಿ ನಾಯಿಗೂ ಸೊಗಸು. ಒಂದು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಎರಡು ಲೋಟ ಕುದಿಯುವ ನೀರಿಗೆ ಬಿಟ್ಟು, ಗಂಟಾಗದಂತೆ ತಿರುವಿ ತೆಳ್ಳಗೆ ಬೇಯಿಸಬೇಕು. ಆರಿದ ಮೇಲೆ ನೀರು ಮಜ್ಜಿಗೆ ಬೆರೆಸಬೇಕು. ಉಪ್ಪು ಹಾಕುವಂತಿಲ್ಲ, ಈರುಳ್ಳಿ ಹಾಕುವಂತಿಲ್ಲ, ಒಗ್ಗರಣೆ, ಹಸಿಮೆಣಸು, ಇಂಗು ಯಾವುದೂ ಇಲ್ಲ. ಮನೆಮಂದಿಗೆ ಮಾಡಿದ ಅಂಬಲಿಯಲ್ಲಿ ನಾಯಿಯ ಪಾಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಟ್ಟುಬಿಟ್ಟರೆ ಪ್ರತ್ಯೇಕ ಕೆಲಸವೂ ತಪ್ಪುತ್ತದೆ.

ಮಾಂಸ ಬೇಯಿಸುವ ಮನೆಗಳಲ್ಲಿ ಕೋಳಿ ಸಾರಿನ ಗಡ್ಡೆಯಷ್ಟು ನಾಯಿಗೆ ಪ್ರಿಯವಾದದ್ದು ಇನ್ನೊಂದಿಲ್ಲ. ಮೂಳೆಯಿಲ್ಲದ ನೂರು ಗ್ರಾಂ ಕೋಳಿಮಾಂಸವನ್ನು ಒಂದು ಲೀಟರು ನೀರಿನಲ್ಲಿ ಸುಮ್ಮನೆ ಬೇಯಿಸಬೇಕು. ಮಸಾಲೆಯ ಮಾತೇ ಇಲ್ಲ. ಸೋಸಿದ ನೀರನ್ನು ಒಂದು ರಾತ್ರಿ ಫ್ರಿಜ್ಜಿನ ಕೆಳಗಣ ಭಾಗದಲ್ಲಿಟ್ಟರೆ ಕೊಬ್ಬು ಮೇಲೆ ಕೆನೆಯಂತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಅದನ್ನು ಚಮಚದಲ್ಲಿ ಎತ್ತಿ ಬಿಸಾಡಬೇಕು, ಕೊಬ್ಬು ಹೆಚ್ಚಾದರೆ ನಾಯಿಯ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯವಿದೆ. ಉಳಿದ ತಿಳಿಯನ್ನು ಐಸ್ ಟ್ರೇಗೆ ಹುಯ್ದು ಗಡ್ಡೆ ಕಟ್ಟಿಸಿ, ಒಂದೆರಡು ತುಂಡನ್ನು ಕುಡಿಯುವ ನೀರಿನ ಬಟ್ಟಲಿಗೇ ಹಾಕಿದರೆ ನೀರು ಕುಡಿಯಲು ಹಟ ಮಾಡುವ ನಾಯಿ ಕೂಡ ಬಟ್ಟಲನ್ನು ತಳ ಕಾಣುವಂತೆ ನೆಕ್ಕುತ್ತದೆ. ಸಾರು ಮಾಡದ ಮನೆಗಳಲ್ಲಿ ಬೇಯಿಸಿದ ಕ್ಯಾರೆಟ್ಟಿನ ನೀರು, ಸಿಹಿಗುಂಬಳದ ತಿರುಳು ಇದೇ ಕೆಲಸ ಮಾಡುತ್ತವೆ. ಎಳನೀರನ್ನೂ ಹೆಪ್ಪುಗಟ್ಟಿಸಬಹುದು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಹಾಗಾಗಿ ಮೂತ್ರಪಿಂಡದ ಇಲ್ಲವೇ ಹೃದಯದ ತೊಂದರೆಯಿರುವ ನಾಯಿಗೆ ಬೇಡ. ಸಕ್ಕರೆ ಕಾಯಿಲೆಯ ನಾಯಿಗೆ ಹಣ್ಣಿನ ಗಡ್ಡೆಯೂ ವೈದ್ಯರನ್ನು ಕೇಳದೆ ಬೇಡ.

ಐಸ್ ಕ್ಯಾಂಡಿಯಂತೆ ಕಡ್ಡಿ ಚುಚ್ಚಿ ಕೊಡುವ ಆಸೆ ಮಕ್ಕಳಿಗೆ ಇರುತ್ತದೆ. ಮರದ ಕಡ್ಡಿಯನ್ನು ನಾಯಿ ಅಗಿದು ನುಂಗಿಬಿಡುತ್ತದೆ, ಸಿಬಿರು ಗಂಟಲಿಗೆ ಚುಚ್ಚುತ್ತದೆ. ಕಡ್ಡಿಯ ಜಾಗಕ್ಕೆ ಉದ್ದನೆಯ ಕ್ಯಾರೆಟ್ ತುಂಡು ನಿಲ್ಲಿಸಿದರೆ ಹಿಡಿಕೆಯೂ ಆಯಿತು, ತಿಂಡಿಯೂ ಆಯಿತು. ತೆಂಗಿನ ಕರಟ ಚಂದದ ಅಚ್ಚು ಅನ್ನಿಸಬಹುದು. ನಾಯಿ ಅದನ್ನೂ ಕಡಿದು ಚೂರು ಮಾಡಿ ನುಂಗುತ್ತದೆ, ಅದಕ್ಕೆ ಅದು ಬೇಡ.

ಈಗ ಹಲ್ಲಿನ ವಿಚಾರ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಫ್ರೀಜರಿನೊಳಗೆ ಸುಮಾರು ಮೈನಸ್ 18 ಡಿಗ್ರಿ ಚಳಿ. ಅಲ್ಲಿಂದ ನೇರ ತೆಗೆದ ಬರೀ ನೀರಿನ ಗಡ್ಡೆ ಕಲ್ಲಿನಷ್ಟು ಗಟ್ಟಿ. ನಾಯಿ ಗಟ್ಟಿ ಪದಾರ್ಥವನ್ನು ಮುರಿಯುವುದು ಬಾಯಿಯ ಪಕ್ಕದ ದೊಡ್ಡ ಕತ್ತರಿ ಹಲ್ಲುಗಳಿಂದ. ಮೇಲಿನ ಸಾಲಿನ ಆ ಹಲ್ಲಿನ ಹೊರಮೈ ಚಕ್ಕೆಯಾಗಿ ಸೀಳುವುದು ಪಶುದಂತವೈದ್ಯರು ಮತ್ತೆ ಮತ್ತೆ ನೋಡುವ ಗಾಯ. ಸೀಳು ಒಳಗಿನ ನರದವರೆಗೆ ಹೋದರೆ ಹಲ್ಲು ಕೀಳುವುದೋ ಬೇರಿನ ಚಿಕಿತ್ಸೆಯೋ ತಪ್ಪಿದ್ದಲ್ಲ. ಬಾಳೆ, ಮೊಸರು, ಅಂಬಲಿ ಸೇರಿದ ಗಡ್ಡೆ ಬರೀ ಐಸಿನಷ್ಟು ಬಿಗಿಯಾಗುವುದಿಲ್ಲ. ಅದನ್ನೂ ಹೊರಗೆ ತೆಗೆದು ಐದು ಹತ್ತು ನಿಮಿಷ ಬಿಟ್ಟು, ಬೆರಳಿನಿಂದ ಒತ್ತಿದಾಗ ಮೇಲ್ಮೈ ಒದ್ದೆಯಾಗಿ ಜಾರುವಂತಿದ್ದರೆ ಮಾತ್ರ ಕೊಡಬೇಕು. ಸ್ಟೀಲ್ ಬಟ್ಟಲಿನಲ್ಲೇ ಕೊಡುವವರು ಇನ್ನೂ ಎಚ್ಚರ ವಹಿಸಬೇಕು. ಫ್ರೀಜರಿನ ಒಣ ಲೋಹಕ್ಕೆ ನಾಯಿಯ ಒದ್ದೆ ನಾಲಿಗೆ ಅಂಟಿಕೊಳ್ಳುತ್ತದೆ, ಗಾಬರಿಯಲ್ಲಿ ಕಿತ್ತುಕೊಂಡರೆ ಚರ್ಮ ಸುಲಿಯುತ್ತದೆ.

ಗಾತ್ರವೂ ಮುಖ್ಯ. ನಾಯಿಯ ಗಂಟಲಿಗಿಂತ ಚಿಕ್ಕದಾದ, ದುಂಡನೆಯ ತುಂಡನ್ನು ಅವಸರದ ನಾಯಿ ಇಡಿಯಾಗಿ ನುಂಗಿ ಉಸಿರುಗಟ್ಟಿಸಿಕೊಳ್ಳಬಹುದು. ಅಂಥ ನಾಯಿಗೆ ಅಗಲ ತಟ್ಟೆಯಲ್ಲಿ ತೆಳುವಾಗಿ ಹೆಪ್ಪುಗಟ್ಟಿಸಿದರೆ ಕಚ್ಚಲು ಏನೂ ಸಿಗದೆ ನೆಕ್ಕಲೇಬೇಕಾಗುತ್ತದೆ. ಅಮೆರಿಕದ ಜೋ ಮಾರ್ಖಮ್ ಎಂಬಾತ ತನ್ನ ಜರ್ಮನ್ ಶೆಫರ್ಡ್ ನಾಯಿ ಕಾರಿನ ರಬ್ಬರ್ ಬಿಡಿಭಾಗವನ್ನು ಕಚ್ಚುತ್ತಿದ್ದುದನ್ನು ನೋಡಿ, 1970ರ ದಶಕದಲ್ಲಿ ಕಾಂಗ್ ಎಂಬ ಟೊಳ್ಳು ರಬ್ಬರ್ ಆಟಿಕೆಯನ್ನು ಮಾಡಿದ. ಇಂದು ಅದು ನಮ್ಮ ಪೇಟೆಗಳಲ್ಲೂ ಸಿಗುತ್ತದೆ. ಅದರೊಳಗೆ ಮೊಸರು ಬಾಳೆ ತುಂಬಿ ಹೆಪ್ಪುಗಟ್ಟಿಸಿದರೆ ಮಧ್ಯಾಹ್ನದ ಸುಡುಹೊತ್ತು ಕಳೆಯುವವರೆಗೂ ನಾಯಿ ನೆರಳಲ್ಲಿ ಬಿದ್ದುಕೊಂಡು ತನ್ನ ಕೆಲಸದಲ್ಲಿ ಮುಳುಗಿರುತ್ತದೆ. ಮೃಗಾಲಯದ ಕರಡಿಗೆ ಗಡ್ಡೆ ಕೊಡುವುದರ ಹಿಂದೆಯೂ ಇಂಥದೇ ಉದ್ದೇಶವಿದೆ: ಮೈಗೆ ತಂಪು, ಮನಸ್ಸಿಗೆ ಕೆಲಸ.

ಏನು ಹಾಕಬಾರದು ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಪ್ರೀತಿಯಿಂದ ಕೊಟ್ಟ ತಿನಿಸೇ ಪ್ರಾಣ ತೆಗೆಯುವ ಪ್ರಸಂಗಗಳು ಇಲ್ಲಿವೆ. ಚಾಕೊಲೇಟ್, ಕಾಫಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷವೆಂಬುದು ಈಗ ಸಾಕಷ್ಟು ಜನಕ್ಕೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಜೈಲಿಟಾಲ್. ಸಕ್ಕರೆರಹಿತ ಎಂದು ಮಾರುವ ಚೂಯಿಂಗ್ ಗಮ್, ಕೆಲವು ಐಸ್‌ಕ್ರೀಮು, ಕೆಲವು ಕಡಲೆಬೀಜದ ಬೆಣ್ಣೆಗಳಲ್ಲಿ ಸಿಹಿಗಾಗಿ ಇದನ್ನು ಬೆರೆಸಿರುತ್ತಾರೆ. ಮನುಷ್ಯನಿಗೆ ನಿರಪಾಯ. ನಾಯಿಯ ಮೈ ಮಾತ್ರ ಅದನ್ನು ಸಕ್ಕರೆಯೆಂದೇ ತಿಳಿದು ಒಮ್ಮೆಲೇ ಇನ್ಸುಲಿನ್ ಸುರಿಸುತ್ತದೆ. ಅರ್ಧ, ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ ಬೀಳುತ್ತದೆ. ಪ್ರಮಾಣ ಹೆಚ್ಚಾದರೆ ಯಕೃತ್ತೂ ಹೋಗುತ್ತದೆ. ಐಸ್ ತಿಂಡಿಗೆ ಕಡಲೆಬೀಜದ ಬೆಣ್ಣೆ ಹಾಕುವ ಪದ್ಧತಿ ಹೊರದೇಶಗಳಿಂದ ಇಲ್ಲಿಗೂ ಬಂದಿದೆ. ಡಬ್ಬಿಯ ಹಿಂದಿನ ಸಣ್ಣಕ್ಷರಗಳನ್ನು ಓದದೆ ಅದನ್ನು ಬಳಸಬಾರದು. ಹುರಿದ ಕಡಲೆಬೀಜವನ್ನು ಮನೆಯಲ್ಲೇ ಉಪ್ಪಿಲ್ಲದೆ ಅರೆದುಕೊಂಡರೆ ಆ ಚಿಂತೆಯೇ ಇಲ್ಲ.

ದ್ರಾಕ್ಷಿಯ ಕಥೆ ಇನ್ನೂ ಗಂಭೀರ. ವಿಜಯಪುರದ ಒಣದ್ರಾಕ್ಷಿ, ಬೆಂಗಳೂರಿನ ಸುತ್ತಲಿನ ನೀಲಿ ದ್ರಾಕ್ಷಿ ನಮ್ಮ ಹೆಮ್ಮೆಯ ಬೆಳೆಗಳು. ಆದರೆ ದ್ರಾಕ್ಷಿ ತಿಂದ ನಾಯಿಗಳಲ್ಲಿ ಕೆಲವಕ್ಕೆ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಯಾವ ನಾಯಿಗೆ, ಎಷ್ಟು ತಿಂದರೆ ಎಂಬ ನಿಯಮ ಯಾರ ಕೈಗೂ ಸಿಕ್ಕಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರವೊಂದರ ವೈದ್ಯರು ಇದಕ್ಕೆ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಮುಂದಿಟ್ಟರು. ಮರುವರ್ಷ ಅವರು ಪ್ರಕಟಿಸಿದ ಬರಹದಲ್ಲಿ ಕನ್ನಡದ ಅಡುಗೆಮನೆ ಬೆಚ್ಚಿಬೀಳಬೇಕಾದ ಇನ್ನೊಂದು ಸಂಗತಿಯಿತ್ತು. ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ಬಗೆಯ ಮೂತ್ರಪಿಂಡದ ಪೆಟ್ಟು ಬಿದ್ದಿತ್ತು. ಹುಣಸೆಯ ಹುಳಿಯೂ ಅದೇ ಟಾರ್ಟಾರಿಕ್ ಆಮ್ಲ. ಬೇಸಿಗೆಗೆ ತಂಪೆಂದು ಮಾಡುವ ಹುಣಸೆ ಪಾನಕವನ್ನು ನಾಯಿಗೆ ಗಡ್ಡೆ ಕಟ್ಟಿಸಿ ಕೊಡಬಾರದು. ಉಳಿದ ಸಾರನ್ನವನ್ನು ನಾಯಿಯ ತಟ್ಟೆಗೆ ಸುರಿಯುವ ರೂಢಿಯನ್ನೂ ಬಿಟ್ಟು, ಬರೀ ಅನ್ನಕ್ಕೆ ಮಜ್ಜಿಗೆ ಕಲಸಿ ಹಾಕುವುದು ಕ್ಷೇಮ.

ಇದೆಲ್ಲ ಎಲ್ಲ ನಾಯಿಗಳಿಗೂ ಒಂದೇ ಸಮನೆ ಬೇಕೇ? ಬೇಡ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿದರೆ ಗೊತ್ತಾಗುತ್ತದೆ. ಒಣಕಲು ಮೈ, ಗಿಡ್ಡ ಕೂದಲು, ಉದ್ದ ಮೂತಿ. ಆ ಮೂತಿಯೊಳಗೆ ಗಾಳಿ ಹಾಯುವ ಒದ್ದೆ ಜಾಗ ಬಹಳ. ಬಯಲುಸೀಮೆಯ ಬಿಸಿಲಿಗೆ ಹೊಂದಿಕೊಂಡ ಈ ತಳಿಯ ಮೇಲೆ ಭಾರತೀಯ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯನ್ನೇ ಹೊರತಂದಿತು. ಪಗ್, ಬುಲ್‌ಡಾಗ್, ಶಿಟ್ಜು ತಳಿಗಳ ಸ್ಥಿತಿ ಇದರ ತದ್ವಿರುದ್ಧ. ಮೂತಿಯನ್ನೇ ಚಪ್ಪಟೆ ಮಾಡಿ ಬೆಳೆಸಿದ್ದರಿಂದ ಅವಕ್ಕೆ ಏದುಸಿರಿನ ಯಂತ್ರವೇ ಸರಿಯಾಗಿಲ್ಲ. ಬ್ರಿಟನ್ನಿನ ಒಂಬತ್ತು ಲಕ್ಷಕ್ಕೂ ಹೆಚ್ಚು ನಾಯಿಗಳ 2016ರ ಚಿಕಿತ್ಸಾ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಲ್ಯಾಬ್ರಡಾರ್‌ಗೆ ಹೋಲಿಸಿದರೆ ಬುಲ್‌ಡಾಗ್‌ಗೆ ಕಾವಿನ ಕಾಯಿಲೆ ತಗಲುವ ಸಂಭವ 14 ಪಟ್ಟು, ಚೌ ಚೌ ತಳಿಗೆ 17 ಪಟ್ಟು ಎಂದು ಲೆಕ್ಕ ಹಾಕಿತು. ಕಾಯಿಲೆ ಬಿದ್ದ ಏಳು ನಾಯಿಗಳಲ್ಲಿ ಒಂದು ಬದುಕಲಿಲ್ಲ. ಅದೂ ಬ್ರಿಟನ್ನಿನಂಥ ತಣ್ಣನೆಯ ನಾಡಿನಲ್ಲಿ.

ನಮ್ಮಲ್ಲಿ ರಾಯಚೂರು, ಕಲಬುರಗಿಗಳ ಮೇ ತಿಂಗಳು 40 ಡಿಗ್ರಿ ದಾಟುವುದು ಮಾಮೂಲು. ತಂಪೂರೆನಿಸಿದ ಬೆಂಗಳೂರೇ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಕಂಡಿತು. ಅಂಥ ಊರಿನ ಫ್ಲ್ಯಾಟುಗಳಲ್ಲಿ ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳನ್ನು ಸಾಕುವುದು ಆ ಪ್ರಾಣಿಗಳಿಗೆ ಮಾಡುವ ಅನ್ಯಾಯ. ಈಗಾಗಲೇ ಸಾಕಿದವರು ಅವನ್ನು ತಂಪಾಗಿಡುವ ಪೂರ್ತಿ ಹೊಣೆ ಹೊರಲೇಬೇಕು. ಕರಾವಳಿಯದು ಇನ್ನೊಂದು ಬಗೆಯ ಕಷ್ಟ. ಮಂಗಳೂರು, ಉಡುಪಿಗಳಲ್ಲಿ ತಾಪಮಾನ 35ರ ಒಳಗೇ ಇದ್ದರೂ ಗಾಳಿಯಲ್ಲಿ ನೀರಿನ ಪಸೆ ತುಂಬಿರುವುದರಿಂದ ನಾಲಿಗೆಯ ಒದ್ದೆ ಬೇಗ ಆರುವುದಿಲ್ಲ, ಏದುಸಿರು ಸೋಲುತ್ತದೆ. ಐಸ್ ಕರಗುವಾಗ ಎಳೆದುಕೊಳ್ಳುವ ಕಾವಿಗೆ ಈ ಸೆಕೆಯ ತೊಡಕಿಲ್ಲ. ಹಾಗಾಗಿ ಕರಾವಳಿಯ ನಾಯಿಗೆ ಐಸ್ ತಿಂಡಿಯ ತಂಪೂ ನೇರವಾಗಿ ಉಪಯೋಗಕ್ಕೆ ಬರುತ್ತದೆ, ಜೊತೆಗೆ ಫ್ಯಾನಿನ ಗಾಳಿ ಇರಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು. ಐಸ್ ತಿಂಡಿ ಔಷಧವಲ್ಲ. ನಾಯಿ ಬಿಡುವಿಲ್ಲದೆ ಏದುಸಿರು ಬಿಡುತ್ತಾ, ಜೊಲ್ಲು ಅಂಟಂಟಾಗಿ, ವಸಡು ಕಡುಗೆಂಪಾಗಿ, ಕಾಲು ತೊಡರಿ, ವಾಂತಿ ಮಾಡುತ್ತಿದ್ದರೆ ಅದಕ್ಕೆ ಬಿಸಿಲು ಬಡಿದಿದೆ ಎಂದೇ ತಿಳಿಯಬೇಕು. ಆಗ ಬಾಯಿಗೆ ಐಸ್ ತುರುಕಬಾರದು, ಎಚ್ಚರ ತಪ್ಪುತ್ತಿರುವ ನಾಯಿಯ ಉಸಿರ್ನಾಳಕ್ಕೆ ಅದು ಹೋದೀತು. ಕೂಡಲೇ ನೆರಳಿಗೆ ತಂದು ಮೈಯೆಲ್ಲ ನೆನೆಯುವಂತೆ ತಣ್ಣೀರು ಸುರಿಯಬೇಕು, ಗಾಳಿ ಬೀಸಬೇಕು. ಮೊದಲು ಮೈ ತಣಿಸುವುದು, ಆಮೇಲೆ ಆಸ್ಪತ್ರೆಗೆ ಸಾಗಿಸುವುದು ಎಂಬ ಕ್ರಮವನ್ನು ಇಂದಿನ ಪಶುವೈದ್ಯರು ಒಪ್ಪುತ್ತಾರೆ. ಒಂದು ಎಚ್ಚರಿಕೆ: ಮೇ ತಿಂಗಳ ನಡುಹಗಲಲ್ಲಿ ಮಾಳಿಗೆಯ ಕಪ್ಪು ಟ್ಯಾಂಕಿನಿಂದ ಬರುವ ನೀರು ಕೈ ಸುಡುತ್ತದೆ. ಆ ಹೊತ್ತಿಗೆ ನೆಲದಡಿಯ ಸಂಪಿನ ನೀರನ್ನೋ ಬಾವಿಯ ನೀರನ್ನೋ ಬಳಸಬೇಕು.

ಕಾಯಿಲೆ ಬಾರದಂತೆ ತಡೆಯಲು ಹೊತ್ತು ನೋಡಿ ನಡೆಯುವುದಕ್ಕಿಂತ ದೊಡ್ಡ ಉಪಾಯವಿಲ್ಲ. ಬ್ರಿಟನ್ನಿನಲ್ಲಿ ಕಾವಿನ ಕಾಯಿಲೆ ಬಿದ್ದ ನಾಯಿಗಳಲ್ಲಿ ಹೆಚ್ಚಿನವು ಓಡಾಟ, ಆಟಗಳಿಂದ ಕಾವೇರಿದವು. ನಾಯಿಯನ್ನು ತಿರುಗಾಡಿಸುವುದು ಬೆಳಿಗ್ಗೆ ಏಳರೊಳಗೆ ಮುಗಿಯಲಿ, ಸಂಜೆಯದು ಹೊತ್ತು ಮುಳುಗಿದ ಮೇಲಾಗಲಿ. ಓಡಿ ಬಂದ ನಾಯಿಗೆ ಆ ಕ್ಷಣ ಗಡ್ಡೆ ಕೊಡುವುದು ಬೇಡ. ಸ್ವಲ್ಪ ನೀರು ಕುಡಿಸಿ, ಉಸಿರು ಹದಕ್ಕೆ ಬಂದ ಮೇಲೆ ಕೊಡಬೇಕು. ಐಸ್ ತಿಂದರೆ ದೊಡ್ಡ ನಾಯಿಗಳ ಹೊಟ್ಟೆ ಉಬ್ಬಿ ತಿರುಚಿಕೊಳ್ಳುತ್ತದೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಅದಕ್ಕೆ ಆಧಾರವಿಲ್ಲ. ಗಬಗಬನೆ ಒಮ್ಮೆಲೇ ತಿನ್ನುವುದು, ಕುಡಿಯುವುದು ಮಾತ್ರ ಅಂಥ ನಾಯಿಗಳಿಗೆ ಒಳ್ಳೆಯದಲ್ಲ.

ಸಾಧಾರಣವಾಗಿ ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರು ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಎಷ್ಟೇ ಐಸ್ ತಿಂಡಿ ಕೊಟ್ಟರೂ ಶುದ್ಧ ನೀರಿನ ಬಟ್ಟಲು ಪಕ್ಕದಲ್ಲಿ ಇರಲೇಬೇಕು. ಮಾಡಿಟ್ಟ ಗಡ್ಡೆಗಳು ಕರೆಂಟು ಹೋಗಿ ಕರಗಿ ನೀರಾದರೆ ಮತ್ತೆ ಹೆಪ್ಪುಗಟ್ಟಿಸಿ ಕೊಡಬಾರದು. ಚಳಿ ರೋಗಾಣುಗಳನ್ನು ಕೊಲ್ಲುವುದಿಲ್ಲ, ಸುಮ್ಮನೆ ತಡೆದು ನಿಲ್ಲಿಸುತ್ತದೆ, ಅಷ್ಟೆ. ಕರಗಿದ ಹೊತ್ತಿನಲ್ಲಿ ಅವು ಬೆಳೆದುಬಿಟ್ಟಿರುತ್ತವೆ. ಮೀನಿನ ಪೆಟ್ಟಿಗೆಗೆಂದು ಮಾರುವ ಐಸ್ ಕೂಡ ಪ್ರಾಣಿಗಳ ಹೊಟ್ಟೆಗೆ ತಕ್ಕದ್ದಲ್ಲ.

ಕೊನೆಯದಾಗಿ, ಫ್ರಿಜ್ಜೂ ಇಲ್ಲದ, ಮನೆಯೂ ಇಲ್ಲದ ಬೀದಿನಾಯಿಗಳ ಪರವಾಗಿ ಒಂದು ಕೋರಿಕೆ. ಗೇಟಿನ ಹೊರಗೆ ನೆರಳು ಬೀಳುವ ಕಡೆ, ಓಡಾಡುವವರಿಗೆ ಅಡ್ಡಿಯಾಗದಂತೆ, ಒಂದು ಮಣ್ಣಿನ ಬಾನಿಯಲ್ಲಿ ನೀರಿಡಿ. ಪ್ಲಾಸ್ಟಿಕ್ಕಿಗಿಂತ ಮಣ್ಣಿನದರಲ್ಲಿ ನೀರು ಹೆಚ್ಚು ಹೊತ್ತು ತಂಪಾಗಿರುತ್ತದೆ. ನಡುಹಗಲಿಗೆ ಮನೆಯ ಟ್ರೇಯಿಂದ ನಾಲ್ಕು ಐಸ್ ತುಂಡು ಅದಕ್ಕೆ ಹಾಕಿ. ದಿನವೂ ಬೆಳಿಗ್ಗೆ ಹಳೆಯ ನೀರು ಚೆಲ್ಲಿ, ಒಳಮೈ ತಿಕ್ಕಿ ತೊಳೆದು, ಹೊಸ ನೀರು ತುಂಬಿ. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ, ಅದರ ಮರಿ ಹಾರಲು ಒಂದು ವಾರ ಸಾಕು.